ಭಾನುವಾರ ನಾಲ್ಕು ಗಂಟೆಯ ಜಗಳ

ನನ್ನ ಗಂಡ ನನ್ನ ಜೊತೆ ಜಗಳ ಆಡುವುದಿಲ್ಲ. ಇದನ್ನು ಕೇಳಿದ ಹೆಂಗಸರೆಲ್ಲ ನನ್ನನ್ನು ಪುಣ್ಯವಂತೆ ಅನ್ನುತ್ತಾರೆ. ಇಲ್ಲಿ ಲಂಡನ್ನಿನಲ್ಲಿ, ಸೌತ್‌ಹಾಲಿನ ತರಕಾರಿ ಅಂಗಡಿಯಲ್ಲಿ ಸಿಗುವ ಬೆಳಗಾವಿ ಕಡೆಯ ಗೆಳತಿಯೊಬ್ಬಳು, ನಿನ್ನ ಗಂಡನ ಪಾದ ತೊಳೆದು ನೀರು ಕುಡಿಯಬೇಕು ಅಂತ ಒಮ್ಮೆ ಹೇಳಿದಳು. ಬೇಕಾದರೆ ಅವಳೇ ಕುಡಿಯಲಿ. ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯನ ಜೊತೆ ಬಾಳಿ, ಒಂದು ದಿನವೂ ಅವನಿಗೆ ನಮ್ಮ ಮೇಲೆ ಸಿಟ್ಟು ಬರದಿದ್ದರೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, "ಇರಲಿ ಬಿಡು." ಕಾರಿನ ಕನ್ನಡಿಯನ್ನು ಗೋಡೆಗೆ ಉಜ್ಜಿ ಮುರಿದುಕೊಂಡು ಬಂದರೆ, "ಆತು, ಹೊಸಾದು ಹಾಕಿಸಿದರಾತು." ನನ್ನ ಅವ್ವ ತೀರಿಕೊಂಡಾಗ ಊರಿಗೆ ನನ್ನೊಬ್ಬಳನ್ನೇ ಕಳಿಸಿದರಲ್ಲ ಅಂತ ತಿರುಗಿ ಬಂದಮೇಲೆ ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದೆ. ನಾಲ್ಕನೆಯ ದಿನ ಇವರು ಕೇಳಿದ್ದು, "ಅರಾಮಿಲ್ಲೇನು? ಜಿಪಿ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೋಬೇಕೇನು?" ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಣ್ಣುವುದೂ ಇತ್ತು, ಮಲಗುವುದೂ ಇತ್ತು.

ಜಗಳವನ್ನೆಲ್ಲ ಇವರು ತಮ್ಮ ಅಕ್ಕನಿಗಾಗಿ ಎತ್ತಿಟ್ಟಿದ್ದರು.

ಅಕ್ಕ ಇವರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮೂವತ್ತು ವರ್ಷದಿಂದ ಅಮೆರಿಕದಲ್ಲಿದ್ದಾಳೆ. ಎದುರಿಗೆ ನಾನು ಅಕ್ಕಾರ ಅನ್ನುತ್ತೇನೆ. ಬರೆಯುವಾಗ ಮಾತ್ರ ಅವಳು ಎಂದೇ ಬರುತ್ತದೆ. ಹೊಟ್ಟೆಕಿಚ್ಚಿಗೆ ಬಹುವಚನ ಒಗ್ಗುವುದಿಲ್ಲ. ಅವಳ ಗಂಡ ತೀರಿಕೊಂಡು ಆರು ವರ್ಷವಾಯಿತು, ಒಬ್ಬನೇ ಮಗ ಬೇರೆ ರಾಜ್ಯದಲ್ಲಿದ್ದಾನೆ. ಪ್ರತಿ ಭಾನುವಾರ ನಮ್ಮ ಸಂಜೆ ನಾಲ್ಕಕ್ಕೆ, ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ, ಅವಳ ಫೋನ್ ಬರುತ್ತಿತ್ತು. ಗ್ರೀನ್‌ಫರ್ಡಿನ ನಮ್ಮ ಮನೆ ಚಿಕ್ಕದು. ಮೇಲೆ ಇಸ್ತ್ರಿ ಮೇಜು ಮತ್ತು ಸೂಟ್‌ಕೇಸುಗಳನ್ನು ತುಂಬಿಟ್ಟ ಒಂದು ಬಾಕ್ಸ್ ರೂಮ್ ಇದೆ. ಇವರು ಮೂರೂ ಐವತ್ತಕ್ಕೆ ಮುಖ ತೊಳೆದು, ತಲೆ ಬಾಚಿಕೊಂಡು, ಆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮದುವೆಯ ದಿನದ ನೆನಪಿಗೆ ಹೊರಗೆ ಊಟಕ್ಕೆ ಹೋಗುವಾಗಲೂ ಇವರು ತಾವಾಗಿ ತಲೆ ಬಾಚಿಕೊಂಡದ್ದನ್ನು ನಾನು ಕಂಡಿಲ್ಲ.

ಒಳಗೆ ಅವರಿಬ್ಬರು ಜಗಳಾಡುತ್ತಿದ್ದದ್ದು ಅಮೆರಿಕದ ಅಧ್ಯಕ್ಷನ ಬಗ್ಗೆ. ಮೊಣಕಾಲು ನೋವು, ಹವೆ, ಊರಿನ ಸುದ್ದಿ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡು, "ಹೋದ ವಾರ ನೀ ಅಂದಿದ್ದಕ್ಕ ನನ್ನ ಉತ್ತರ ಇನ್ನೂ ಮುಗದಿಲ್ಲ" ಅನ್ನುತ್ತಿದ್ದರು. ಪ್ರತಿ ವಾರವೂ ಅದೇ ಮೊದಲ ಮಾತು. ಅಲ್ಲಿಂದ ಮುಂದೆ, ಬೆಂಗಳೂರಿನ ಸ್ನೇಹಿತರ ಮುಂದೆ ತೊಳೆದಿಟ್ಟಂಥ ಕನ್ನಡ ಆಡುವ ನನ್ನ ಗಂಡನ ಬಾಯಿಂದ ಅಸಲು ಧಾರವಾಡ ಹೊರಗೆ ಬರುತ್ತಿತ್ತು. ಅಕ್ಕ ಆ ಅಧ್ಯಕ್ಷನ ಕಡೆಯವಳು, ಇವರು ವಿರುದ್ಧ. ಸ್ಪೀಕರ್ ಹಾಕಿರುತ್ತಿದ್ದರಿಂದ ಎರಡೂ ಕಡೆಯ ಮಾತು ಕೇಳುತ್ತಿತ್ತು.

"ಅವ ಇದ್ದದ್ದನ್ನ ಇದ್ದಂಗ ಹೇಳತಾನ" ಅನ್ನುತ್ತಿದ್ದಳು ಅಕ್ಕ.

"ಇಲ್ಲದ್ದನ್ನ ಇದ್ದಂಗ ಹೇಳತಾನ" ಅನ್ನುತ್ತಿದ್ದರು ಇವರು.

"ನೀ ಅಲ್ಲಿ ಕುಂತು ಟೀವ್ಯಾಗ ನೋಡಾವ. ನಾ ಇಲ್ಲಿ ಬಾಳೇವು ಮಾಡಾಕಿ."

"ಬಾಳೇವು ಮಾಡಾಕಿಗೆ ಕಣ್ಣೂ ಇರಬೇಕಲ್ಲಬೇ."

ಬೇ. ನನಗೆ ಇವರು ಯಾವತ್ತೂ ಅಷ್ಟು ಸಲಿಗೆಯಿಂದ ಹಾಗೆ ಅಂದಿಲ್ಲ. ನಾನು ಮಡಿಚುವ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಒಂದು ಟವೆಲನ್ನು ಎಷ್ಟು ಸಲ ಮಡಿಚಬಹುದೋ ಅಷ್ಟು ಸಲ ಮಡಿಚುತ್ತಿದ್ದೆ. ಹೊತ್ತನ್ನೂ ನೋಡಿಕೊಳ್ಳುತ್ತಿದ್ದೆ. ಒಂದು ತಾಸಿಗೆ ಕಡಿಮೆ ಎಂದೂ ಇಲ್ಲ. ಇಬ್ಬರೂ ಬೈದಾಡಿಕೊಂಡು, ನಡುವೆ ಯಾವುದಕ್ಕೋ ಬಿದ್ದು ಬಿದ್ದು ನಕ್ಕು, ಮತ್ತೆ ಬೈದಾಡಿಕೊಂಡು, ಕೊನೆಗೆ "ಇಡಲಿ?" "ಇಡು" ಅಂದು ಮುಗಿಸುತ್ತಿದ್ದರು. ಇವರು ಕೆಳಗೆ ಇಳಿದು ಬಂದಾಗ ಮುಖ ಕೆಂಪಾಗಿ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ನನ್ನನ್ನು ನೋಡಿ, "ಚಹಾ ಮಾಡತೀಯೇನು?" ಅನ್ನುತ್ತಿದ್ದರು. ಮಾಡಿಕೊಡುತ್ತಿದ್ದೆ. ಒಳಗೆ ಮಾತ್ರ ಕುದಿಯುತ್ತಿತ್ತು.

ನನಗೆ ಆ ಅಧ್ಯಕ್ಷನ ಮೇಲೂ ಹೊಟ್ಟೆಕಿಚ್ಚು ಇತ್ತು ಅಂದರೆ ನಗುತ್ತೀರಿ. ಅವನು ಎಷ್ಟು ಗಂಟೆಗೆ ಏಳುತ್ತಾನೆ, ಯಾರ ಮೇಲೆ ಸಿಟ್ಟಾಗಿದ್ದಾನೆ, ನಿನ್ನೆ ಏನಂದ, ಅದಕ್ಕೆ ಮೊನ್ನೆ ಏನಂದಿದ್ದ, ಎಲ್ಲ ಇವರಿಗೆ ಬಾಯಿಪಾಠ. ನಾನು ಚಷ್ಮಾದ ಫ್ರೇಮ್ ಬದಲಿಸಿ ಎರಡು ವಾರವಾದರೂ ಇವರಿಗೆ ಗೊತ್ತಾಗಲಿಲ್ಲ. ಇಲ್ಲಿ ನಮಗೆ ವೋಟು ಇದೆ. ಪ್ರಧಾನಿಗಳು ಬಂದರು, ಹೋದರು, ಇನ್ನೊಬ್ಬರು ಬಂದರು. ಇವರ ಹುಬ್ಬು ಅಲ್ಲಾಡಲಿಲ್ಲ. ಕೌನ್ಸಿಲ್ ಚುನಾವಣೆಯ ಕಾಗದಗಳನ್ನು ಒದ್ದೆ ಬೂಟಿನ ಕೆಳಗೆ ಹಾಸುತ್ತಾರೆ. ವೋಟು ಇಲ್ಲದ ದೇಶಕ್ಕಾಗಿ ಮಾತ್ರ ಎದೆ ಬಡಿದುಕೊಳ್ಳುವುದು. ಊರ ಉಸಾಬರಿ ಅನ್ನುತ್ತಾರಲ್ಲ, ಅದು ಊರಿನದ್ದೂ ಅಲ್ಲ, ಸಮುದ್ರದಾಚೆಯದ್ದು.

ಮಗಳಿಗೆ ಹದಿನಾರು. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಒಂದು ಭಾನುವಾರ ಮೆಟ್ಟಿಲ ಮೇಲೆ ನನ್ನನ್ನು ದಾಟಿಕೊಂಡು ಇಳಿಯುತ್ತ, "ಮಮ್, ಆರ್ ಯೂ ಜೆಲಸ್ ಆಫ್ ಅತ್ತೆ?" ಅಂದಳು.

"ಹೋಗಿ ಹೋಮ್‌ವರ್ಕ್ ಮಾಡು" ಅಂದೆ.

"ಡನ್ ಇಟ್" ಅಂದು, ನನ್ನ ಕೈಯಲ್ಲಿದ್ದ ಟವೆಲನ್ನು ಒಮ್ಮೆ ನೋಡಿ ಹೋದಳು.

ಜಗಳ ಮೊದಮೊದಲು ಆಟದ ಹಾಗೆಯೇ ಇತ್ತು. ಅಲ್ಲಿ ಚುನಾವಣೆಯ ವರ್ಷ ಬಂದಮೇಲೆ ಕಾವು ಏರಿತು. ಅಕ್ಕ ಮನೆಯ ಮುಂದಿನ ಹುಲ್ಲಿನಲ್ಲಿ ಆ ಅಧ್ಯಕ್ಷನ ಹೆಸರಿನ ಬೋರ್ಡು ನೆಟ್ಟಳು. ವಿಡಿಯೋದಲ್ಲಿ ನಮಗೂ ತೋರಿಸಿದಳು. ಪಕ್ಕದ ಮನೆಯವಳು ಎದುರು ಪಕ್ಷದ ಬೋರ್ಡು ನೆಟ್ಟಳು. ಅಕ್ಕನ ಮಗ, ಅವ್ವ ತನ್ನ ಬೋರ್ಡು ತೆಗೆಯುವ ತನಕ ಮನೆಗೆ ಬರುವುದಿಲ್ಲ ಅಂದ. ಇವಳು ತೆಗೆಯಲಿಲ್ಲ. ಚುನಾವಣೆ ಮುಗಿದು ಬೋರ್ಡುಗಳೆಲ್ಲ ಹೋದಮೇಲೂ, ವರ್ಷದ ಕೊನೆಯ ರಜೆಗೆ ಅವನು ಬರಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ ಆ ಮಾತು ಬಂತು. ಅಕ್ಕ ಏನೋ ಅಂದಳು, ಇವರು ಏನೋ ಅಂದರು, ನಾನು ಸಾಕ್ಸ್ ಜೋಡಿಸುತ್ತಿದ್ದೆ. ಆಗ ಇವರು, "ನಿನ್ನ ಮಗ ನಿನ್ನ ಮನೀಗೆ ಬರದಿದ್ದದ್ದು ಸುಮ್ನ ಅಲ್ಲ" ಅಂದರು. ಅಕ್ಕ, "ಇಡತೀನಿ" ಅಂದಳು. ಇಡಲಿ ಅಂತ ಕೇಳಲಿಲ್ಲ. ಇವರೂ ತಿರುಗಿ ಫೋನ್ ಮಾಡಲಿಲ್ಲ. ಮುಂದಿನ ಭಾನುವಾರ ನಾಲ್ಕು ಹೊಡೆಯಿತು, ಐದು ಹೊಡೆಯಿತು. ಫೋನ್ ಬರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಆ ಸಂಜೆ ಮಂಡಕ್ಕಿ ತೆಗೆದು ಗಿರ್ಮಿಟ್ ಮಾಡಿದೆ, ಮೆಣಸಿನಕಾಯಿ ಬಜ್ಜಿಯನ್ನೂ ಕರಿದೆ. ಕೊನೆಗೂ ಭಾನುವಾರಗಳು ನನ್ನವಾದವು ಅಂದುಕೊಂಡೆ. ನಾನೇ ಮುಂದಾಗಿ ಇವರನ್ನು ವೆಂಬ್ಲಿಗೆ ಕರೆದುಕೊಂಡು ಹೋದೆ. ಈಲಿಂಗ್ ರೋಡಿನಲ್ಲಿ ಕಬ್ಬಿನ ಹಾಲು ಕುಡಿದೆವು, ಸೀರೆ ಅಂಗಡಿಯ ಕನ್ನಡಿಗಳ ಮುಂದೆ ನಡೆದೆವು. ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಹೊಸ ಮೇಲ್ವಿಚಾರಕಿ ಮಾಡಿದ ಅವಾಂತರವನ್ನೆಲ್ಲ ಹೇಳಿದೆ. ಇವರು ಹೂಂ ಅಂದರು. ನಾಲ್ಕು ಗಂಟೆ ಹತ್ತಿರ ಬಂದಾಗ ಇವರ ಕೈ ಜೇಬಿಗೆ ಹೋಗುವುದನ್ನು ನೋಡಿದೆ. ಮನೆಗೆ ಬಂದಮೇಲೆ ಬಾಕ್ಸ್ ರೂಮಿಗೆ ಹೋಗಿ, ಇಸ್ತ್ರಿ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕೂತರು. ಮಾತಾಡುವಾಗ ಹಾಕಿಕೊಳ್ಳುತ್ತಿದ್ದ ಬಾಗಿಲನ್ನು ಈಗ ಹಾಕಲೂ ಇಲ್ಲ.

ಆಗ ನನಗೆ ಒಂದು ಹಟ ಹುಟ್ಟಿತು. ಅವಳ ಜೊತೆ ಆಡುವ ಜಗಳವನ್ನು ನನ್ನ ಜೊತೆ ಯಾಕೆ ಆಡಬಾರದು? ಒಂದು ತಿಂಗಳು ಕೂತು ಕಲಿತೆ. ತರಕಾರಿ ಹೆಚ್ಚುತ್ತ ಅಮೆರಿಕದ ಚಾನೆಲ್ ನೋಡಿದೆ. ಒಂದರಲ್ಲಿ ಆ ಅಧ್ಯಕ್ಷ ದೇವರು, ಇನ್ನೊಂದರಲ್ಲಿ ದೆವ್ವ. ಒಂದೇ ಮನುಷ್ಯನ ಬಗ್ಗೆ ಹೇಳುತ್ತಿದ್ದಾರೆ ಅಂತ ನಂಬುವುದೇ ಕಷ್ಟವಾಗುತ್ತಿತ್ತು. ನನಗೆ ಯಾವ ಕಡೆಯೂ ಇರಲಿಲ್ಲ. ಅಕ್ಕನ ಕಡೆಯ ವಾದಗಳನ್ನು ಮಾತ್ರ ಆರಿಸಿಕೊಂಡು ಬಾಯಿಪಾಠ ಮಾಡಿದೆ. ಒಂದು ಭಾನುವಾರ ಸರಿಯಾಗಿ ನಾಲ್ಕಕ್ಕೆ ಇವರ ಎದುರು ಕೂತು, "ನೋಡ್ರಿ, ಆ ಮನುಷ್ಯಾ ಮಾಡೂದರಾಗ ತಪ್ಪೇನೈತಿ?" ಅಂತ ಶುರು ಮಾಡಿ, ಒಂದೊಂದಾಗಿ ಎಲ್ಲ ಹೇಳಿದೆ. ಅಕ್ಕ ಹೇಳುತ್ತಿದ್ದದ್ದಕ್ಕಿಂತ ಚೆನ್ನಾಗಿಯೇ ಹೇಳಿದೆ.

ಇವರು ಕೇಳಿ, ಸ್ವಲ್ಪ ಯೋಚಿಸಿ, "ಹಂಗೂ ಇರಬಹುದು" ಅಂದರು.

ಅಷ್ಟೇ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸೋದರಿಯ ಬಾಯಲ್ಲಿ ಸಿಟ್ಟು ತರಿಸುವ ಮಾತು ಹೆಂಡತಿಯ ಬಾಯಲ್ಲಿ ಬಂದರೆ ಹಂಗೂ ಇರಬಹುದು.

ಶ್ರಾವಣ ಹತ್ತಿರ ಬಂತು. ನಾಗರ ಪಂಚಮಿಗೆ ನಮ್ಮ ಕಡೆ ಅಣ್ಣ ತಮ್ಮಂದಿರು ಹೋಗಿ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಬರಬೇಕು. ಕರೆಯಲು ಬರದಿದ್ದರೆ ಹೆಣ್ಣುಮಕ್ಕಳು ತಾವಾಗಿ ಹೋಗುವುದಿಲ್ಲ. ಹೋದರೆ ಮಾನ ಹೋದ ಹಾಗೆ. ಅಮೆರಿಕಕ್ಕೆ ಹೋಗಿ ಕರೆದು ತರುವುದು ಆಗದ ಮಾತು. ಅದಕ್ಕೆ ಪ್ರತಿ ವರ್ಷ ಇವರು ಫೋನಿನಲ್ಲಿ, "ಹಬ್ಬಕ್ಕ ಬಾ ಅಕ್ಕ" ಅನ್ನುತ್ತಿದ್ದರು. "ಈ ವರ್ಷ ಆಗೂದಿಲ್ಲಪಾ, ಮುಂದಿನ ವರ್ಷ ನೋಡೋಣ" ಅಂತ ಅವಳು ಅನ್ನುತ್ತಿದ್ದಳು. ಕರೆಯುವುದು ಇವರ ಕೆಲಸ, ಆಗುವುದಿಲ್ಲ ಅನ್ನುವುದು ಅವಳ ಕೆಲಸ. ನಾನು ಕೇಳಿಸಿಕೊಂಡ ಹಾಗೆ ಇಪ್ಪತ್ತೆರಡು ವರ್ಷ ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ ಇದು ನಡೆದಿತ್ತು.

ಹಬ್ಬಕ್ಕೆ ಇನ್ನೂ ಎರಡು ವಾರ ಇತ್ತು. ಶಾಲೆಗೆ ಬೇಸಿಗೆ ರಜೆ, ನಾನು ಮನೆಯಲ್ಲಿದ್ದೆ. ಇವರು ಗ್ರೀನ್‌ಫರ್ಡಿನಲ್ಲೇ ತಾವು ಕೆಲಸ ಮಾಡುವ ಗೋದಾಮಿಗೆ ಹೋಗಿದ್ದರು. ನನ್ನ ಮೊಬೈಲಿಗೆ ಫೋನ್ ಬಂತು. ಅಕ್ಕ. ಅವಳು ನನಗಾಗಿ ಫೋನ್ ಮಾಡಿದ್ದು ಬಹಳ ಕಡಿಮೆ.

"ನೋಡವಾ" ಅಂದಳು. "ಹಲ್ಲು ಕಟ್ಟಿಸಾಕ ಹುಬ್ಬಳ್ಳಿಗೆ ಹೊಂಟೀನಿ. ಗುರುವಾರ ಮಧ್ಯಾಹ್ನ ನಿಮ್ಮ ಹೀಥ್ರೋದಾಗ ಇಳೀತೀನಿ. ಮುಂದಿನ ವಿಮಾನಕ್ಕ ಏಳು ತಾಸು ಐತಿ. ಹೊರಗ ಬರಾಕ ಪರ್ಮಿಟ್ಟೂ ತಗೊಂಡೀನಿ. ಅವಗ ಹೇಳು. ನಾನಾಗಿ ಅವಗ ಫೋನ್ ಮಾಡಂಗಿಲ್ಲ. ಪಂಚಮಿ ಬಂತು, ಕರಿಯಾಕ ಬರಬೇಕಾದಾವ ಅವ. ಬಂದ್ರ ನಿಮ್ಮ ಮನೀಗೆ ಬಂದು ಎರಡು ತಾಸು ಕುಂತು ಹೋಗತೀನಿ."

"ಹೇಳತೀನಿ ಅಕ್ಕಾರ" ಅಂದೆ.

ಹೇಳಲಿಲ್ಲ. ಮೊದಲ ದಿನ ಇವರು ದಣಿದು ಬಂದಿದ್ದರು, ನಾಳೆ ಹೇಳಿದರಾಯಿತು ಅಂದುಕೊಂಡೆ. ಎರಡನೆಯ ದಿನ ಅಷ್ಟು ಒಳ್ಳೆಯ ನೆಪವೂ ಇರಲಿಲ್ಲ. ಮೂರನೆಯ ದಿನದಿಂದ ನೆಪ ಹುಡುಕುವುದನ್ನೇ ಬಿಟ್ಟೆ. ಒಂದು ಸಂಜೆ ಇವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಪಂಚಮಿ ಎಂದು ಬಂದೈತಿ?" ಅಂತ ಕೇಳಿದರು. ಹೇಳಿದೆ. ಫೋನ್ ಕೈಗೆ ತೆಗೆದುಕೊಂಡರು, ಅವಳ ಹೆಸರು ಬರುವ ತನಕ ಬೆರಳಾಡಿಸಿದರು, ಮತ್ತೆ ಕೆಳಗಿಟ್ಟರು. ನಾನು ರೊಟ್ಟಿ ತಟ್ಟುತ್ತ ಎಲ್ಲವನ್ನೂ ನೋಡಿದೆ. ಬಾಯಿ ಬಿಡಲಿಲ್ಲ. ನಾನು ಕೆಟ್ಟವಳು ಅಂತ ಆಗಲೇ ಗೊತ್ತಿತ್ತು. ಗೊತ್ತಿದ್ದರೂ ಕೆಟ್ಟವಳಾಗಿರಲು ಆಗುತ್ತದೆ.

ಗುರುವಾರ ಬಂತು. ಇವರು ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದರು. ಹನ್ನೆರಡಕ್ಕೆ ಅವಳ ವಿಮಾನ ಇಳಿಯಿತು ಅಂತ ಫೋನಿನಲ್ಲಿ ನೋಡಿದೆ. ಒಂದಕ್ಕೆ ಸೀರೆ ಬದಲಿಸಿ ನೂರಾ ಐದನೇ ನಂಬರಿನ ಬಸ್ಸು ಹತ್ತಿದೆ. ಅದು ಸೌತ್‌ಹಾಲಿನ ಮೇಲೆ ಹಾದು ನೇರ ಹೀಥ್ರೋಗೆ ಹೋಗುತ್ತದೆ. ನನ್ನ ಮನಸ್ಸು ಕರಗಿತ್ತು ಅಂದುಕೊಳ್ಳಬೇಡಿ. ನನಗೆ ನೋಡಬೇಕಿತ್ತು. ತಮ್ಮ ಬರುವುದಿಲ್ಲ ಅಂತ ಗೊತ್ತಾದಾಗ ಅವಳ ಮುಖ ಹೇಗಾಗುತ್ತದೆ ಅಂತ ನೋಡಬೇಕಿತ್ತು. ಬಸ್ಸಿನಲ್ಲಿ ಒಂದು ತಾಸಿಗೂ ಹೆಚ್ಚು ಕೂತು, ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡೆ. ಹೇಳಿದೆ ಅಕ್ಕಾರ, ಒಲ್ಲೆ ಅಂದರು, ಪಾಪ ಅನ್ನಿಸಿ ನಾ ಬಂದೆ.

ಬಂದವರನ್ನು ಎದುರುಗೊಳ್ಳುವ ಜಾಗದಲ್ಲಿ, ಹೆಸರಿನ ಬೋರ್ಡು ಹಿಡಿದ ಡ್ರೈವರುಗಳ ಹಿಂದೆ, ಕೊನೆಯ ಕುರ್ಚಿಯಲ್ಲಿ ಅವಳು ಕೂತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಅಷ್ಟು ದೂರ ವಿಮಾನದಲ್ಲಿ ಸೀರೆಯಲ್ಲಿ ಬಂದಿರಲಾರಳು; ಇಲ್ಲಿಯ ಟಾಯ್ಲೆಟ್ಟಿನಲ್ಲೇ ಉಟ್ಟುಕೊಂಡಿರಬೇಕು. ನೆರಿಗೆಯ ಕೆಳಗೆ ಓಡುವ ಬೂಟು ಹಾಗೆಯೇ ಇದ್ದವು. ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ನಾನು ಕಂಬದ ಹಿಂದೆ ನಿಂತೆ. ಹೊರಗಿನ ಬಾಗಿಲು ತೆರೆದಾಗಲೆಲ್ಲ ಅವಳು ಆ ಕಡೆ ನೋಡುತ್ತಿದ್ದಳು. ಇವರ ಎತ್ತರದ, ಇವರ ಬಣ್ಣದ ಗಂಡಸು ಯಾರಾದರೂ ಒಳಗೆ ಬಂದರೆ ಅರ್ಧ ಎದ್ದು, ಅಲ್ಲ ಅಂತ ಗೊತ್ತಾದಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂರುತ್ತಿದ್ದಳು. ಮೂರು ಸಲ ನೋಡಿದೆ. ನಾನು ನೋಡಲು ಬಂದದ್ದು ಅದನ್ನೇ ತಾನೇ. ನಾಲ್ಕನೆಯ ಸಲ ನೋಡುವುದು ಆಗಲಿಲ್ಲ, ಹೋಗಿ ಎದುರಿಗೆ ನಿಂತೆ.

ಅವಳ ಮುಖ ಅರಳಿತು. ಅರಳಿದ್ದು ನನಗಲ್ಲ. ನನ್ನ ಹೆಗಲ ಮೇಲಿಂದ ಹಿಂದೆ ನೋಡಿ, "ಅವ ಕಾರ್ ನಿಂದ್ರಸಾಕ ಹೋಗ್ಯಾನೇನು?" ಅಂದಳು.

ಸಿದ್ಧ ಮಾಡಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. "ಇಲ್ಲ" ಅಂದೆ, ಅಷ್ಟೇ.

ಅವಳು ನಿಧಾನ ಕೂತಳು. ಅಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಶೇಂಗಾ ಉಂಡಿ. "ತಿನ್ನವಾ. ಸೆಕ್ಯುರಿಟಿಯಾವ್ರು ಎರಡೆರಡು ಸಲ ತಗಿಸಿ ನೋಡ್ಯಾರ" ಅಂದಳು. ನಾನು ಒಂದು ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಅವಳೇ ಮಾತಾಡಿದಳು, ನನ್ನನ್ನು ನೋಡದೆ, ಆ ಬಾಗಿಲನ್ನು ನೋಡುತ್ತ.

"ನನ್ನ ಮಗ ನನ್ನ ಕೂಡ ಜಗಳಾಡಂಗಿಲ್ಲ. ಭಾಳ ಶಾಣ್ಯಾ. ಹುಟ್ಟಿದ ಹಬ್ಬಕ್ಕ ಮೆಸೇಜ್ ಕಳಸತಾನ, ಹೂವಿನ ಚಿತ್ರಾ ಹಾಕಿ. ಬಾಜೂ ಮನಿಯಾಕಿ ಹನ್ನೆರಡು ವರ್ಷ ನಮ್ಮ ಗಿಡದ ಕರಿಬೇವು ಒಯ್ದಾಕಿ, ಆಕಿನೂ ಜಗಳಾಡಂಗಿಲ್ಲ. ನಕ್ಕೋತ ಗುಡ್ ಮಾರ್ನಿಂಗ್ ಅಂತಾಳ, ಒಳಗ ಹೋಗತಾಳ. ನನ್ನ ಡಬ್ಬಿ ಇನ್ನೂ ಆಕಿ ಮನ್ಯಾಗ ಐತಿ. ಗುಡಿಯಾಗ ನಾ ಕುಂತ ಸಾಲಿನ್ಯಾಗ ಕೆಲವು ಮಂದಿ ಕುಂದರಂಗಿಲ್ಲ. ನಾನೂ ಕೆಲವರ ಸಾಲಿನ್ಯಾಗ ಕುಂದರಂಗಿಲ್ಲ, ಸುಳ್ಳ ಯಾಕ ಹೇಳಲಿ. ಯಾರೂ ಬಾಯಿ ಮಾಡಂಗಿಲ್ಲ ನಮ್ಮಲ್ಲಿ. ಬಿಟ್ಟ ಬಿಡತಾರ. ಜಗಳಾಡಿ ಮುಂದಿನ ವಾರ ಮತ್ತ ಫೋನ್ ಎತ್ತಾವ ಅಂದ್ರ ಇವೊಬ್ಬನ ಇದ್ದ."

ಯಾರೂ ಬಾಯಿ ಮಾಡದ ಮನೆ ಹೇಗಿರುತ್ತದೆ ಅಂತ ಅವಳು ನನಗೆ ಹೇಳಬೇಕಾಗಿರಲಿಲ್ಲ.

"ಅಕ್ಕಾರ, ನಾ ಅವರಿಗೆ ಹೇಳಿಲ್ಲ" ಅಂದೆ.

ಅವಳು ತಿರುಗಿ ನೋಡಿದಳು. ತಕ್ಷಣ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. "ಯಾಕ?" ಅಂದಳು.

"ನಿಮ್ಮ ಕೂಡ ಮಾತಾಡಿದಂಗ ನನ್ನ ಕೂಡ ಒಂದ ದಿವಸನೂ ಮಾತಾಡಿಲ್ಲ. ಬೈದಿಲ್ಲ ಸುದ್ದಾ."

ಬೈಯುತ್ತಾಳೆ ಅಂತ ಕಾದೆ. ಅವಳು ಡಬ್ಬಿಯ ಮುಚ್ಚಳ ಹಾಕಿ, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಸುತ್ತಲೂ ಒತ್ತಿ ನೋಡಿದಳು. ಆಮೇಲೆ, "ಫೋನ್ ಮಾಡು" ಅಂದಳು. "ನಾ ಮಾಡಂಗಿಲ್ಲ. ಕರಿಯಾಕ ಬರಬೇಕಾದಾವ ಅವ. ನೀ ಮಾಡು."

ಮಾಡಿದೆ. ಹಿಂದೆ ಗೋದಾಮಿನ ಗಾಡಿಗಳ ಸದ್ದು ಕೇಳುತ್ತಿತ್ತು. "ಅಕ್ಕಾರು ಹೀಥ್ರೋದಾಗ ಕುಂತಾರ. ಕರಿಯಾಕ ಬರ್ರಿ" ಅಂದೆ. ಇವರು ಯಾರಿಗೋ ಗಾಡಿ ನಿಲ್ಲಿಸಲು ಕೂಗಿದರು. ಆಮೇಲೆ, "ಯಾವ ಟರ್ಮಿನಲ್?" ಅಂದರು.

ಮುಕ್ಕಾಲು ತಾಸಿನಲ್ಲಿ ಬಂದರು. ಮೈಮೇಲೆ ಗೋದಾಮಿನ ಹಳದಿ ಹೊಳೆಯುವ ಜಾಕೆಟ್, ಕಾಲಲ್ಲಿ ಕಬ್ಬಿಣದ ಮೂತಿಯ ಬೂಟು. ಅಷ್ಟರಲ್ಲಿ ನಾಲ್ಕು ಗಂಟೆ ಆಗಿತ್ತು. ಮನೆಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ, ಐದಕ್ಕೆ ಅವಳು ಒಳಗೆ ಹೋಗಬೇಕಿತ್ತು. ಇವರು ಅಕ್ಕನ ಎದುರು ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇವರು ಜಾಕೆಟ್ಟಿನ ಚುಂಗು ಎಳೆದುಕೊಂಡು, "ಹಬ್ಬಕ್ಕ ಬಾ ಅಕ್ಕ" ಅಂದರು.

ಅವಳು ಗೋಡೆಯ ಗಡಿಯಾರ ನೋಡಿದಳು. "ಈ ವರ್ಷ ಆಗೂದಿಲ್ಲಪಾ. ಮುಂದಿನ ವರ್ಷ ನೋಡೋಣ."

ಅಷ್ಟು ವರ್ಷ ಆ ಮಾತಿಗೆ ಕಾರಣ ಸಮುದ್ರವಾಗಿತ್ತು. ಈ ಸಲ ಕಾರಣ ನಾನು. ಮನೆ ಇಪ್ಪತ್ತೈದು ನಿಮಿಷದ ದಾರಿಯಲ್ಲಿತ್ತು.

ಇವರು ಅವಳ ಪಕ್ಕ ಕೂತರು. ಒಂದು ಉಂಡಿ ತಿಂದರು. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಆವತ್ತ ನಿನ್ನ ಮಗನ ಸುದ್ದಿ ತಗೀಬಾರದಿತ್ತು ನಾನು" ಅಂದರು. ಅವಳು ಇವರ ಮಂಡಿಯ ಮೇಲೆ ಕೈ ಇಟ್ಟಳು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡರು. "ಆದ್ರ ಅದರ ಹಿಂದ ನೀ ಅಂದಿದ್ದಕ್ಕ ನನ್ನ ಉತ್ತರ ಇನ್ನೂ ಮುಗದಿಲ್ಲ."

ಅರ್ಧ ತಾಸು ಕಿತ್ತಾಡಿದರು. ಬೋರ್ಡು ಹಿಡಿದ ಡ್ರೈವರೊಬ್ಬ ಎರಡು ಸಲ ತಿರುಗಿ ನೋಡಿದ. ನಾನು ಡಬ್ಬಿ ಹಿಡಿದುಕೊಂಡು ಮೂರನೆಯ ಕುರ್ಚಿಯಲ್ಲಿ ಕೂತಿದ್ದೆ. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೋಗುವುದಿಲ್ಲ. ಅವಳು ಕೈ ತಿರುವಿ "ನಿನಗ ತಲೀ ಇಲ್ಲ" ಅಂದಾಗ ಇವರು ಹಲ್ಲು ಕಿಸಿದದ್ದನ್ನು ನೋಡಿ ನನ್ನ ಹೊಟ್ಟೆ ಮೊದಲಿನಷ್ಟೇ ಉರಿಯಿತು.

ಹೋಗುವಾಗ ಅವಳು ನನ್ನ ಕೈಯಲ್ಲಿದ್ದ ಡಬ್ಬಿ ತಿರುಗಿ ತೆಗೆದುಕೊಳ್ಳಲಿಲ್ಲ. "ನಿನ್ನ ಹಂತ್ಯಾಕ ಇರಲಿ. ತಿರುಗಿ ಬರೂ ಮುಂದ ಇಸಗೋತೀನಿ" ಅಂದಳು. ನಾನು ಮಾಡಿದ್ದನ್ನು ಇವರಿಗೆ ಹೇಳದೆಯೇ ಹೋದಳು.

ಕಾರಿನಲ್ಲಿ ಮೊದಲ ಸಿಗ್ನಲ್ ಬಂದಾಗ ಇವರು ಕೇಳಿದರು. "ನಿನಗ ಯಾವಾಗ ಫೋನ್ ಮಾಡಿದ್ಲು?"

ಇವತ್ತು ಬೆಳಿಗ್ಗೆ ಅಂದಿದ್ದರೆ ಮುಗಿಯುತ್ತಿತ್ತು. ಆ ಸುಳ್ಳಿಗೆ ಅಕ್ಕ ಬಾಗಿಲು ತೆರೆದಿಟ್ಟೇ ಹೋಗಿದ್ದಳು. "ಎಂಟು ದಿವಸ ಆತು" ಅಂದೆ.

ಸಿಗ್ನಲ್ ಹಸಿರಾಯಿತು. ಇವರು ಹೇಯ್ಸ್ ಹತ್ತಿರ ಒಂದು ಪೆಟ್ರೋಲ್ ಬಂಕಿನೊಳಗೆ ಕಾರು ತಿರುಗಿಸಿ, ಟೈರಿಗೆ ಗಾಳಿ ಹಾಕುವ ಜಾಗದ ಪಕ್ಕ ನಿಲ್ಲಿಸಿದರು. ಇಂಜಿನ್ ಆರಿಸಿದರು. ಆಮೇಲೆ ಬಾಯಿ ತೆಗೆದರು.

ನಾನು ಆ ದನಿಯನ್ನು ಬಾಗಿಲ ಹಿಂದಿನಿಂದ ಮಾತ್ರ ಕೇಳಿದ್ದೆ. "ಏನ ತಿಳಕೊಂಡೀ ನೀ? ಆರ ತಿಂಗಳ ಆ ಫೋನ್ ನೋಡಕೋತ ಕುಂತದ್ದು ಕಣ್ಣಿಗೆ ಬಿದ್ದಿತ್ತಿಲ್ಲೋ ನಿನಗ?"

"ಬಿದ್ದಿತ್ತು" ಅಂದೆ. "ಇಪ್ಪತ್ತೆರಡು ವರ್ಷ ನಾ ನಿಮ್ಮ ಮಾರಿ ನೋಡಕೋತ ಕುಂತದ್ದು ನಿಮ್ಮ ಕಣ್ಣಿಗೆ ಬಿದ್ದಿತ್ತೇನು?"

"ಅದಕ್ಕೂ ಇದಕ್ಕೂ ಏನ ಸಂಬಂಧ?"

"ಅದ ಇದು."

ಆಮೇಲೆ ಇಬ್ಬರಿಗೂ ತಡೆ ಇರಲಿಲ್ಲ. ನನ್ನ ಅವ್ವ ಸತ್ತಾಗ ಬರದಿದ್ದದ್ದು ಬಂತು, ಚಷ್ಮಾ ಬಂತು, ಕಬ್ಬಿನ ಹಾಲು ಬಂತು. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದದ್ದು ಇವರಿಗೆ ಮೊದಲಿನಿಂದ ಗೊತ್ತಿತ್ತು ಅನ್ನುವುದೂ ಬಂತು. ಗಾಳಿ ಹಾಕಲು ಬಂದವನು ನಮ್ಮನ್ನು ನೋಡಿ ಇನ್ನೊಂದು ಕಡೆ ಹೋದ. ನಾನು ಅಳುತ್ತಿದ್ದೆ, ಬೈಯುತ್ತಿದ್ದೆ. ನಡುವೆ ನಾಚಿಕೆ ಬಿಟ್ಟು ಕಾರಿನ ಗಡಿಯಾರವನ್ನೂ ನೋಡಿದೆ. ಐವತ್ತು ನಿಮಿಷವಾಗಿತ್ತು.

ಕೊನೆಗೆ ಇವರು ಇಂಜಿನ್ ಶುರು ಮಾಡಿದರು. ಮನೆಗೆ ಬಂದೆವು. ಊಟಕ್ಕೆ ಬಡಿಸಿದೆ, ಉಂಡರು. ಒಂದು ಮಾತಿಲ್ಲ. ನನಗೆ ಆಗ ಹುಟ್ಟಿದ ಹೆದರಿಕೆ ಹಿಂದೆಂದೂ ಹುಟ್ಟಿರಲಿಲ್ಲ. ಬಿಟ್ಟ ಬಿಡತಾರ ಅಂತ ಅಕ್ಕ ಅಂದಿದ್ದಳಲ್ಲ. ನಾಳೆ ಎದ್ದು ಇರಲಿ ಬಿಡು ಅಂದುಬಿಟ್ಟರೆ ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಎಂದಿನ ಹಾಗೆ ಡಬ್ಬಿ ಕಟ್ಟಿಕೊಟ್ಟೆ. ಇವರು ಬೂಟು ಹಾಕಿಕೊಂಡರು, ಜಾಕೆಟ್ ಹಾಕಿಕೊಂಡರು, ಬಾಗಿಲ ತನಕ ಹೋದರು. ಅಲ್ಲಿಂದ ತಿರುಗಿ ಬಂದು ಮೆಟ್ಟಿಲ ಮೇಲೆ ಕೂತರು, ನಾನು ಬಟ್ಟೆ ಮಡಿಚುತ್ತ ಕೂರುತ್ತಿದ್ದ ಮೆಟ್ಟಿಲ ಮೇಲೆಯೇ. ಡಬ್ಬಿಯನ್ನು ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡರು.

"ನಿನ್ನೆ ನೀ ಅಂದಿದ್ದಕ್ಕ ನನ್ನ ಉತ್ತರ ಇನ್ನೂ ಮುಗದಿಲ್ಲ" ಅಂದರು.

ನಾನು ಒಲೆ ಆರಿಸಿ ಬಂದು ಕೂತೆ.